ಹೊಕ್ಕಳಿರುವ ಗೋಲಿಗಳು

ಆಗೆಲ್ಲ ಶಿಡ್ಲಘಟ್ಟದ ನಮ್ಮ ಬೀದಿಗೆ ಬೇಸಿಗೆ ಬಂತೆಂದು ತಿಳಿಯಲು ಪಂಚಾಂಗ ನೋಡಬೇಕಿರಲಿಲ್ಲ. ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಮನೆಗಳಿಂದ ಬರುವ ಬೆಂದ ಹುಳುವಿನ ವಾಸನೆ ಬಿಸಿಲಿಗೆ ಇನ್ನಷ್ಟು ಗಾಢವಾಗುತ್ತಿತ್ತು. ನಮ್ಮಪ್ಪನ ಸೋಡಾ ಅಂಗಡಿಯ ಮುಂದೆ ಸೈಕಲ್ಲುಗಳು ಸಾಲುಗಟ್ಟುತ್ತಿದ್ದವು. ಮಣ್ಣಿನ ಬೀದಿಯ ತುಂಬ ಗೋಲಿಯಾಟದ ಗುಣಿಗಳು. ಗಂಡುಹುಡುಗರ ಚಡ್ಡಿ ಜೇಬುಗಳ ಹಾಗೆ ನನ್ನ ಲಂಗದ ಗಂಟೂ ಗಲಗಲ ಅನ್ನುತ್ತಿತ್ತು.

"ಗಂಡುಬೀರಿ, ನಿನ್ನ ಯಾರು ಮದುವೆ ಆಗ್ತಾರೆ ಕಣೇ?" ಎಂದು ಅಜ್ಜಿ ದಿನಾ ಬೈಯುತ್ತಿದ್ದಳು.

ನನ್ನ ಜೊತೆಗಾರ ಪಕ್ಕದ ಮನೆಯ ಬಷೀರ. ಅವನ ತಂದೆ ನೂಲು ತೆಗೆಸುವ ಕೆಲಸದವರು; ನಮ್ಮಪ್ಪ ಅವರನ್ನು ಭಾಯಿ ಅನ್ನುತ್ತಿದ್ದ. ಬಷೀರನಿಗೆ ಹನ್ನೊಂದು, ನನಗೆ ಒಂಬತ್ತು. ಎರಡೂ ಮನೆಗಳಿಗೆ ಒಂದೇ ಗೋಡೆ. ಆ ಗೋಡೆಯ ಆಚೆ ಅವನ ಅಜ್ಜಿ, ನಮಗೆಲ್ಲ ದಾದೀಮಾ, ಒಂದು ಬಟ್ಟೆಯ ಚೀಲದಲ್ಲಿ ಹಳೇ ಗೋಲಿಗಳನ್ನು ಇಟ್ಟಿದ್ದಳು. ಅವಳ ಗಂಡ ಹರೆಯದಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿ, ವಿಲಾಯತಿ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ತಂದವು.

"ನೋಡು ಬೇಟಿ, ಇದು ಮಿಷನ್ನಲ್ಲಿ ಮಾಡಿದ್ದಲ್ಲ," ಎಂದು ಒಂದನ್ನು ನನ್ನ ಅಂಗೈಗೆ ಹಾಕಿದ್ದಳು. "ಬಿಸಿ ಗಾಜಿನ ಕೋಲಿಂದ ಕತ್ತರಿಸಿ, ಕೈಯಲ್ಲಿ ಉಂಡೆ ಮಾಡಿದ್ದು. ಕತ್ತರಿಸಿದ ಕಡೆ ಹೊಕ್ಕಳು ಇರ್ತದೆ, ಮಕ್ಕಳಿಗೆ ಇದ್ದ ಹಾಗೆ. ಉಗುರು ಇಟ್ಟು ನೋಡು."

ಉಗುರಿಗೆ ಸಣ್ಣ ತರಿ ಸಿಕ್ಕಿತು. ಇನ್ನೊಂದು ತುದಿಯಲ್ಲೂ ಅಂಥದೇ ತರಿ. ಬಿಸಿಲಿಗೆ ಹಿಡಿದರೆ ಒಳಗೆ ಬಣ್ಣದ ಎಳೆಗಳು ಜಡೆಯಂತೆ ತಿರುಚಿಕೊಂಡು ಈ ತರಿಯಿಂದ ಆ ತರಿಗೆ ಹೋಗಿದ್ದವು. ಅಂಗಡಿಯ ಹೊಸ ಗೋಲಿಗಳು ಮೈಯೆಲ್ಲ ನುಣುಪು, ನೆಲದ ಮೇಲೆ ಬಿಟ್ಟರೆ ನೆಟ್ಟಗೆ ಓಡುತ್ತಿದ್ದವು. ಇವು ಸ್ವಲ್ಪ ಸೊಟ್ಟ ಉರುಳುತ್ತಿದ್ದವು.

ಹೊಕ್ಕಳು ಗುರುತಿಸುವುದನ್ನು ಕಲಿತ ಮೇಲೆ ಬಷೀರ ಆಡುವುದನ್ನೇ ಬಿಟ್ಟ. ಊರಿನ ಯಾವ ಹುಡುಗನ ಜೇಬಿನಲ್ಲಿ ಹೊಕ್ಕಳಿರುವ ಗೋಲಿ ಇದೆ ಎಂದು ಹುಡುಕುವುದೇ ಅವನ ಕೆಲಸವಾಯಿತು. ಆ ಹುಡುಗರಿಗೆ ಅವುಗಳ ಮೇಲೆ ಆಸೆ ಇರಲಿಲ್ಲ. ಗೀರು ಬಿದ್ದವು, ಗುರಿ ತಪ್ಪುವಂಥವು. ಅವರಿಗೆ ಬೇಕಿದ್ದದ್ದು ಸೋಡಾ ಬಾಟ್ಲಿಯೊಳಗಿನ ಹಸಿರು ಗೋಲಿ. ಹೊಡೆಯೋಕೆ ಅಷ್ಟು ಗಟ್ಟಿ ಗೋಲಿ ಬೇರೆ ಇರಲಿಲ್ಲ. ಒಡೆದ ಬಾಟ್ಲಿಗಳಲ್ಲಿ ಸಿಕ್ಕ ಗೋಲಿಗಳನ್ನು ಅಪ್ಪ ತೊಳೆದು ಬಷೀರನಿಗೆ ಕೊಡುತ್ತಿದ್ದ, ಅವನು ಅವನ್ನು ಕೊಟ್ಟು ಹಳೆಯವನ್ನು ತರುತ್ತಿದ್ದ. ಚಿಂತಾಮಣಿ ಸಂತೆಗೆ ಹೋದರೂ ಗುಜರಿಯವರ ಮುಂದೆ ಕುಳಿತು ಡಬ್ಬಿ ಡಬ್ಬಿ ಕೆದಕುತ್ತಿದ್ದ.

ಒಂದು ದಿನ ಮಧ್ಯಾಹ್ನ ನಾವಿಬ್ಬರೂ ಗೋಲಿ ಕೇಳಲು ಸೋಡಾ ಶೆಡ್ಡಿನ ಬಾಗಿಲಿಗೆ ಹೋದೆವು. ಅಪ್ಪ ಗ್ಯಾಸು ತುಂಬಿದ ಬಾಟ್ಲಿಗಳನ್ನು ಮರದ ಪೆಟ್ಟಿಗೆಗೆ ಜೋಡಿಸುತ್ತಿದ್ದ.

"ಒಳಗೆ ಬರಬೇಡ್ರೋ. ಅಲ್ಲೇ ನಿಂತ್ಕೊಳ್ಳಿ, ನಾನೇ ತಂದ್ಕೊಡ್ತೀನಿ," ಅಂದ.

ನಾವು ಹೊಸ್ತಿಲ ಆಚೆಯೇ ನಿಂತೆವು. ಅಪ್ಪನ ಕೈಯಲ್ಲಿದ್ದ ಬಾಟ್ಲಿ ಸಿಡಿಯಿತು. ಬೇಸಿಗೆಯಲ್ಲಿ ಬಾಟ್ಲಿ ಸಿಡಿಯುವುದು ಹೊಸತಲ್ಲ, ನಾನು ಬೆಚ್ಚಲೂ ಇಲ್ಲ. ಅಪ್ಪನ ಕೈಯಿಂದ ರಕ್ತ ಸುರಿಯುವುದನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ಬಷೀರ ಮೆಲ್ಲಗೆ, "ಕಣ್ಣಿಗೆ ಏನೋ ಬಿತ್ತು ಚಾಚಾ," ಅಂದ. ಅವನ ಬೆರಳುಗಳ ಸಂದಿಯಿಂದ ನೀರಿನಂಥದು ಮೊದಲು ಇಳಿಯಿತು, ರಕ್ತ ಆಮೇಲೆ.

ಅಪ್ಪ ತನ್ನ ಕೈಗೆ ಟವಲು ಸುತ್ತಿಕೊಂಡು, ಅವನನ್ನು ಎತ್ತಿಕೊಂಡೇ ಆಸ್ಪತ್ರೆಗೆ ಓಡಿದ. ಅಲ್ಲಿಂದ ಬಸ್ಸಿನಲ್ಲಿ ಬೆಂಗಳೂರಿಗೆ. ದೊಡ್ಡ ಡಾಕ್ಟರು ಹೊಲಿಗೆ ಹಾಕಿ ಒಂದು ಮಾತು ಹೇಳಿದ್ದರಂತೆ: ಈ ಕಣ್ಣು ಉಳಿಯುವುದಿಲ್ಲ, ಬೇಗ ತೆಗೆಸಿಬಿಡಿ, ಇಲ್ಲದಿದ್ದರೆ ಇದರ ರೋಗ ಇನ್ನೊಂದು ಕಣ್ಣಿಗೂ ಹೋಗಬಹುದು.

ಮನೆಯಲ್ಲಿ ಯೋಚಿಸಿ ಬರುತ್ತೇವೆ ಎಂದು ಹೇಳಿ ಕರೆತಂದರು. ಅವರ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ಬಷೀರ ಪಟ್ಟಿ ಸ್ವಲ್ಪ ಸರಿಸಿ ತಂದೆಯ ಕಡೆ ತಿರುಗಿದ.

"ಅಬ್ಬಾ, ಬಾಗಿಲು ಎಲ್ಲಿದೆ ಅಂತ ಇದರಲ್ಲೂ ಗೊತ್ತಾಗ್ತದೆ. ಬೆಳ್ಳಗೆ ಕಾಣ್ತದೆ."

ಅವನ ತಂದೆ ಆ ಪಟ್ಟಿಯನ್ನು ಮತ್ತೆ ಸರಿಮಾಡಿದರು.

"ಭಾಯಿ, ಡಾಕ್ಟ್ರು ಹೇಳಿದ್ದು ನೀವೂ ಕೇಳಿದ್ರಲ್ಲ," ಅಂದ ನಮ್ಮಪ್ಪ.

"ಕೇಳಿದೆ ಮುನಿಶಾಮಣ್ಣ. ಬೆಳಕು ಕಾಣೋ ಕಣ್ಣನ್ನ ಕಿತ್ತುಬಿಡಿ ಅಂತ ನಾನು ಹೇಗೆ ಹೇಳ್ಲಿ? ನಿಮ್ಮ ಮಗಳಾಗಿದ್ರೆ ನೀವು ಹೇಳ್ತಿದ್ರಾ?"

ನಮ್ಮಜ್ಜಿ ಕೂಡ, "ಇರೋದನ್ನ ಯಾಕಪ್ಪ ಕೀಳಿಸ್ತೀರಿ, ವಾಸಿ ಆಗ್ತದೆ," ಎಂದು ಊರಮ್ಮನಿಗೆ ಬೆಳ್ಳಿ ಕಣ್ಣು ಒಪ್ಪಿಸುವ ಹರಕೆ ಹೊತ್ತಳು. ದಾದೀಮಾ ದರ್ಗಾಕ್ಕೆ ಹೋಗಿಬಂದಳು. ಕಣ್ಣು ತೆಗೆಸದೆ ಉಳಿಯಿತು. ಎಲ್ಲರೂ ಅದನ್ನೇ ದೊಡ್ಡ ಪುಣ್ಯ ಅಂದುಕೊಂಡರು.

ಮೊದಲ ಮಳೆ ಬಿದ್ದ ಮೇಲೆ ಬಷೀರನ ಒಳ್ಳೆಯ ಕಣ್ಣು ಕೆಂಪಾಯಿತು. ಬಿಸಿಲು ತಡೆಯಲಾರೆ ಎಂದು ಮೂಲೆಯಲ್ಲಿ ಕೂರತೊಡಗಿದ. ಮತ್ತೆ ಬೆಂಗಳೂರಿಗೆ ಕರೆದೊಯ್ದರು. ಆಗ ಗಾಯದ ಕಣ್ಣನ್ನು ತೆಗೆದರು, ಆದರೆ ಹೊತ್ತು ಮೀರಿತ್ತು. ದಸರಾ ಬರುವಷ್ಟರಲ್ಲಿ ಅವನಿಗೆ ಹಗಲೂ ಇರುಳೂ ಒಂದೇ ಆಗಿತ್ತು.

ನಾನು ಸ್ಕೂಲು ಬಿಟ್ಟ ಕೂಡಲೇ ಅವರ ಜಗಲಿಗೆ ಹೋಗುತ್ತಿದ್ದೆ. ಅವನು ಗೋಲಿಗಳನ್ನು ಮಡಿಲಿಗೆ ಸುರಿದುಕೊಂಡು ಉಗುರಿನಿಂದ ಹೊಕ್ಕಳು ಹುಡುಕುತ್ತಿದ್ದ. ಅದು ತಪ್ಪುತ್ತಿರಲಿಲ್ಲ. ಬಣ್ಣ ಮಾತ್ರ ನನ್ನನ್ನು ಕೇಳಬೇಕಿತ್ತು.

"ಇದು?"

"ಕೆಂಪು. ಮಧ್ಯ ಬಿಳೀ ಎಳೆ."

"ಇದು?"

"ನೀಲಿ."

ಅದನ್ನು ಬಹಳ ಹೊತ್ತು ಹಿಡಿದುಕೊಂಡ. "ನೀಲಿ ಹೋಗ್ತಾ ಇದೆ ಸರೋಜ. ಕೆಂಪು ಇದೆ, ಹಸಿರು ಇದೆ. ನೀಲಿ ಅಂದ್ರೆ ಮನಸ್ಸಿಗೆ ಏನೂ ಬರಲ್ಲ."

"ಆಕಾಶದ ಥರ ಕಣೋ," ಅಂದೆ.

"ಅದೂ ಹೋಗ್ತಾ ಇದೆ."

ಮುಂದಿನ ಗೋಲಿಯ ಬಣ್ಣ ಹೇಳಿದೆ.

ಅಪ್ಪ ಆಮೇಲೆ ಸೋಡಾ ತುಂಬಲಿಲ್ಲ. ಯಂತ್ರವನ್ನು ಮಾರಿ, ಗೂಡಿನ ವ್ಯಾಪಾರಿಯೊಬ್ಬರ ಬಳಿ ತಕ್ಕಡಿ ಹಿಡಿಯುವ ಕೆಲಸಕ್ಕೆ ಸೇರಿದ. ಬಷೀರನ ತಂದೆ ಮೊದಲಿನಂತೆಯೇ ಮಾತಾಡಿಸುತ್ತಿದ್ದರು, ಹಬ್ಬಕ್ಕೆ ಶ್ಯಾವಿಗೆ ಕಳಿಸುತ್ತಿದ್ದರು. "ಒಂದು ಸಲ ಬೈದುಬಿಟ್ಟಿದ್ರೆ ಚೆನ್ನಾಗಿರ್ತಿತ್ತು," ಎಂದು ಅಪ್ಪ ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

ಮಾರನೆಯ ವರ್ಷ ಬಷೀರನ ಮನೆಯವರು ಮದನಪಲ್ಲಿಯ ನೆಂಟರ ಊರಿಗೆ ಹೋದರು. ಗೋಲಿಗಳ ಚೀಲವನ್ನು ಬಷೀರ ಎದೆಗವಚಿಕೊಂಡು ಬಸ್ಸು ಹತ್ತಿದ. ಅಲ್ಲಿ ನೂಲು ಹುರಿಮಾಡುವ ಚಕ್ರ ತಿರುಗಿಸುತ್ತಾನಂತೆ ಎಂದು ಕೆಲವು ಕಾಲ ಸುದ್ದಿ ಬರುತ್ತಿತ್ತು. ಹರೆಯದಲ್ಲೇ ಜ್ವರದಿಂದ ತೀರಿಕೊಂಡ ಎಂದು ಯಾರೋ ಹೇಳಿದಾಗ ನನಗೆ ಮದುವೆಯಾಗಿ ಮಕ್ಕಳಾಗಿದ್ದವು. ಅಳಲು ಒಂದು ಮೂಲೆಯೂ ಸಿಗದಂಥ ತುಂಬಿದ ಮನೆ ಅದು.

ನಮ್ಮ ಬೀದಿ ಈಗ ಕಾಂಕ್ರೀಟು. ಗುಣಿ ತೋಡಲು ಮಣ್ಣಿಲ್ಲ, ತೋಡುವವರೂ ಇಲ್ಲ. ಹೊಕ್ಕಳಿರುವ ಗೋಲಿಗಳನ್ನು ಹುಡುಕಿ ಗಾಜಿನ ಬೀರುವಿನಲ್ಲಿ ಇಡುವವರಿದ್ದಾರೆ ಎಂದು ಮೊಮ್ಮಗ ಫೋನಿನಲ್ಲಿ ಚಿತ್ರ ತೋರಿಸುತ್ತಾನೆ. ನಾನು ನೋಡಿ ವಾಪಸು ಕೊಡುತ್ತೇನೆ. ಬಷೀರನಿಗೆ ಸಿಕ್ಕಿದ್ದು ಹನ್ನೊಂದು ವರ್ಷದ ಬಣ್ಣಗಳು. ನನಗೆ ಎಪ್ಪತ್ತು ದಾಟಿದೆ.

ಹೋದ ವರ್ಷ ನನ್ನ ಕಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದಾಗ ಎದುರಿಗೆ ಕಂಡದ್ದು ಕಿಟಕಿಯ ನೀಲಿ ಪರದೆ. ಅಷ್ಟು ನೀಲಿಯನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

"ಅಳಬಾರದು ಅಜ್ಜಿ, ಆಪರೇಷನ್ ಆಗಿರೋ ಕಣ್ಣು," ಅಂದಳು ನರ್ಸು. "ಚೆನ್ನಾಗಿ ಕಾಣ್ತಾ ಇದೆಯಲ್ಲ?"

"ಕಾಣ್ತಾ ಇದೆಯಮ್ಮ," ಅಂದೆ.