ಸಿಂದಗಿಯಲ್ಲಿ ಯಾರೂ ಕೈ ಎತ್ತಲಿಲ್ಲ

ಸಿಂದಗಿಯ ಕಾಲೇಜಿಗೆ ಸಮಾಜಶಾಸ್ತ್ರ ಕಲಿಸಲು ಬಂದ ಮೊದಲ ವಾರ, ‘ನಿಮ್ಮಲ್ಲಿ ಸ್ತ್ರೀವಾದಿಗಳು ಯಾರು?’ ಎಂದು ತರಗತಿಯಲ್ಲಿ ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ. ಮೈಸೂರಿನಲ್ಲಿ ನಾವು ಗೆಳತಿಯರು ಪರಿಚಯ ಹೇಳಿಕೊಳ್ಳುವಾಗಲೇ ಆ ಪದ ಸೇರಿಸುತ್ತಿದ್ದೆವು. ಇಲ್ಲಿ ಮೋರಟಗಿಯ ಭಾಗ್ಯಶ್ರೀ ಎದ್ದು ನಿಂತು, ‘ಅಂಥಾಕಿ ಅಂತ ಗೊತ್ತಾದ್ರ ಕಾಲೇಜ್ ಬಿಡಸ್ತಾರ್ರಿ ಮೇಡಂ,’ ಎಂದಳು.

ಬಾಡಿಗೆ ಮನೆಯ ಒಡತಿ ಗೌರಾಬಾಯಿ ನನ್ನನ್ನು ‘ಅಕ್ಕೋರ’ ಎನ್ನುತ್ತಾರೆ. ಇಲ್ಲಿ ಪಾಠ ಹೇಳುವ ಹೆಂಗಸರನ್ನು ಕರೆಯುವುದೇ ಹಾಗೆ. ಅವರು ತಮ್ಮ ಗಟ್ಟಿ ದನಿಯಲ್ಲಿ ಊಟಕ್ಕೆ ಕರೆದರೂ ಮೊದಮೊದಲು ಬೈದಂತೆ ಕೇಳುತ್ತಿತ್ತು. ಅದು ಅಕ್ಕರೆ ಎಂದು ತಿಳಿಯುವಷ್ಟರಲ್ಲಿ ನನಗೆ ಜೋಳದ ರೊಟ್ಟಿ ಬಡಿಯಲು ಬಂದಿತ್ತು, ಅಂಚು ಮಾತ್ರ ಇಂದಿಗೂ ಸೀಳುತ್ತದೆ.

ಮೂರನೇ ತಿಂಗಳು, ಅಣೆಕಟ್ಟಿನ ಮುಳುಗಡೆಯಿಂದ ಊರು ಬಿಟ್ಟವರನ್ನು ಮಾತಾಡಿಸಲು ತರಗತಿಯನ್ನು ಆಲಮಟ್ಟಿಗೆ ಕರೆದೊಯ್ಯಬೇಕಿತ್ತು. ಮರಳುವುದು ತಡವಾಗುತ್ತದೆಂದು ಹುಡುಗಿಯರ ಮನೆಗಳಲ್ಲಿ ಒಪ್ಪಲಿಲ್ಲ. ಹುಡುಗರಷ್ಟೇ ಹೋಗಲಿ ಎಂದು ಸಹೋದ್ಯೋಗಿಗಳು ಹೇಳಿದಾಗ, ಜಗಳ ಬೇಡವೆಂದು ನಾನೂ ತಲೆಯಾಡಿಸಿಬಿಟ್ಟೆ. ಎಂಟು ದಿನ ತಡೆಯಿರಿ ಎಂದವಳು ಭಾಗ್ಯಶ್ರೀ.

ಆ ಎಂಟು ದಿನದಲ್ಲಿ ಅವಳು ಸಹಪಾಠಿ, ದೇವಣಗಾಂವದ ಕವಿತಾಳ ಮನೆಗೆ ಹೋದಳು, ಕವಿತಾ ಇವಳ ಮನೆಗೆ. ಉಳಿದವರೂ ಹೀಗೆಯೇ ಒಬ್ಬರ ಅಪ್ಪನ ಬಳಿ ಇನ್ನೊಬ್ಬರು ಕೂತು ಮಾತಾಡಿದರು. ಏಕೆಂದು ಭಾಗ್ಯಶ್ರೀಯನ್ನು ಕೇಳಿದೆ.

‘ನಮ್ಮಪ್ಪಗ ನಾ ಎದುರಾಡಿದ್ರ ಸೊಕ್ಕು ಅಂತಾನ್ರಿ. ಕವಿತಾ ಕೇಳಿದ್ರ, ಮನಿಗೆ ಬಂದ ಮಗಳ ಮಾತು.’

ಹದಿನೆಂಟು ಹುಡುಗಿಯರು ಬಂದರು. ಕಾವಲಿಗೆಂದು ಭಾಗ್ಯಶ್ರೀಯ ಅಪ್ಪನೂ ರೊಟ್ಟಿ ಗಂಟಿನೊಂದಿಗೆ ಬಸ್ಸು ಹತ್ತಿದರು. ಮಧ್ಯಾಹ್ನ ನೋಡಿದರೆ, ಮುಳುಗಡೆಯ ಊರಿನ ಮುದುಕಿಯೊಬ್ಬರಿಗೆ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದವರು ಅವರೇ. ಮಗಳು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದಳು.

ನೀನು ಮಾಡಿದ್ದಕ್ಕೇ ಸ್ತ್ರೀವಾದ ಎನ್ನುತ್ತಾರೆ ಎಂದೆ ಅವಳಿಗೆ.

‘ಇರಬಹುದ್ರಿ. ಆದ್ರ ನಮ್ಮಪ್ಪನ ಮುಂದ ಹೇಳಬ್ಯಾಡ್ರಿ.’

ನಕ್ಕೆವು. ಹುಡುಗರಷ್ಟೇ ಹೋಗಲಿ ಎಂದಾಗ ತಲೆಯಾಡಿಸಿದ್ದವಳು ನಾನು ಎಂಬುದು ಮಾತ್ರ ಒಳಗೆ ಚುಚ್ಚುತ್ತಲೇ ಇತ್ತು.

ರಜೆಯಲ್ಲಿ ಮೈಸೂರಿನ ಗೆಳತಿಯರಿಗೆ ಇದನ್ನು ಹೇಳಿದೆ. ಹಾಗಾದರೆ ಆ ಹೆಸರು ಹೇಳಲು ಅಂಜಿಕೆಯೇಕೆ ಎಂದರು. ‘ನಮಗೆ ಅಲ್ಲಿ ಹೆಸರಿಗಿಂತ ಬಸ್ಸು ಹತ್ತುವುದು ಮುಖ್ಯ,’ ಎಂದೆ. ಸಿಂದಗಿಗೆ ಮರಳಿದ ಮೇಲೆ ತರಗತಿಯಲ್ಲಿ, ‘ಮೈಸೂರಿನಲ್ಲಿ ನಾವು ಆ ಹೆಸರನ್ನು ಅಂಜದೆ ಹೇಳುತ್ತೇವೆ,’ ಎಂದೂ ಅಂದೆ. ನಿಮ್ಮ ಈ ‘ನಾವು’ ಅಂದರೆ ಯಾರು ಎಂದು ಮೈಸೂರಿನಲ್ಲೂ ಸಿಂದಗಿಯಲ್ಲೂ ಕೇಳಿದರು.