ಹದಿನಾರನೆಯ ರೀಲು

ನನ್ನ ಸೋದರಮಾವ ಟಾಕೀಸಿನ ಆಪರೇಟರ್. ಮನೆಯಲ್ಲಿ ಒಂದು ಬಲ್ಬು ಬದಲಿಸಿ ಎಂದರೆ ಮೂರು ದಿನ ಯೋಚಿಸುವ ಮನುಷ್ಯ, ಯಂತ್ರದ ಕೋಣೆಯಲ್ಲಿ ಮಾತ್ರ ರಾಜ. ಅತ್ತೆ ಅದೇ ಟಾಕೀಸಿನ ಟಿಕೆಟ್ ಕೌಂಟರಿನಲ್ಲಿ ಕೂರುತ್ತಾರೆ. ಮಾವ ಬಾಯಿ ಬಿಡುವುದೇ ಅಪರೂಪ. ಅವರ ಪಾಲಿನ ಮಾತನ್ನೂ ಅತ್ತೆಯೇ ಆಡಿ ಮುಗಿಸುತ್ತಾರೆ. ಅವರು ಮೇಲೆ, ಇವರು ಕೆಳಗೆ, ನಡುವೆ ಇಪ್ಪತ್ತೆರಡು ಮೆಟ್ಟಿಲು. ಟಾಕೀಸಿಗೆ ಅಂಟಿಕೊಂಡಂತೆ ನನ್ನ ಜೆರಾಕ್ಸ್ ಅಂಗಡಿ. ಊರಿನ ವಿಷಯವೆಲ್ಲ ನನ್ನ ಕಿವಿಗೆ ಬಿದ್ದೇ ಮುಂದೆ ಹೋಗುವುದು, ಬೇಡ ಎನ್ನುವಷ್ಟು ಒಳ್ಳೆಯವಳೂ ನಾನಲ್ಲ.

ಈಗ ಆ ಸಿನಿಮಾದ ವಿಷಯ. ಅದರ ನಿಜವಾದ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರ ಬಾಯಲ್ಲೂ ಅದು ‘ಸೇತುವೆ ಸಿನಿಮಾ’. ಇಪ್ಪತ್ತೆಂಟು ವರ್ಷದ ಹಿಂದೆ ಬಿಡುಗಡೆಯಾದಾಗ ಬೇರೆ ಊರುಗಳಲ್ಲಿ ಒಂದು ವಾರವೂ ನಿಲ್ಲದೆ ಮಕಾಡೆ ಮಲಗಿತು. ನಮ್ಮ ಟಾಕೀಸಿನಲ್ಲಿ ನೂರಾ ಹತ್ತು ದಿನ ಓಡಿತು. ಉಳಿದ ಪ್ರತಿಗಳೆಲ್ಲ ಗುಜರಿ ಸೇರಿದ್ದವು. ನಮ್ಮಲ್ಲಿ ಓಡಿದ ಪ್ರತಿಯೇ ಆಮೇಲೆ ಊರೂರು ಸುತ್ತಿತು, ಅದರಿಂದಲೇ ಕ್ಯಾಸೆಟ್ ಆಯಿತು, ಟೀವಿಗೆ ಬಂತು, ಕೊನೆಗೆ ಫೋನಿಗೂ ಇಳಿಯಿತು.

ಅದರ ಜೀವವೆಲ್ಲ ಕೊನೆಯ ದೃಶ್ಯದಲ್ಲಿದೆ. ನಾಯಕಿ ಸೇತುವೆಯ ಈಚೆ ತುದಿಯಲ್ಲಿ ನಿಂತಿದ್ದಾಳೆ. ನಾಯಕ ಪೆಟ್ಟಿಗೆ ಹಿಡಿದು ಆಚೆ ನಡೆಯುತ್ತಾನೆ, ತಿರುಗಿ ನೋಡುವುದಿಲ್ಲ. ಅವನು ಸೇತುವೆಯ ನಡುವೆ ಇರುವಾಗಲೇ ಪರದೆ ಬೆಳ್ಳಗಾಗುತ್ತದೆ. ಅಷ್ಟೇ. ‘ಮುಕ್ತಾಯ’ ಎನ್ನುವ ಅಕ್ಷರ ಕೂಡ ಇಲ್ಲ. ಆ ಬಿಳಿ ಪರದೆಯ ಅರ್ಥದ ಮೇಲೆ ಯಾರೋ ಒಬ್ಬರು ಇನ್ನೂರು ಪುಟದ ಪುಸ್ತಕವನ್ನೇ ಬರೆದಿದ್ದಾರೆ. ನಮ್ಮ ಬೀದಿಯ ಸೆಲೂನಿನವನು ಅಂಗಡಿಯ ಗೋಡೆಯ ಮೇಲೆ ಆ ಸೇತುವೆಯ ಚಿತ್ರ ಬರೆಸಿದ್ದಾನೆ. ನಿವೃತ್ತ ಇತಿಹಾಸ ಮೇಷ್ಟ್ರು ಅದನ್ನು ಅರವತ್ತೊಂದು ಸಲ ನೋಡಿದ್ದಾರೆ, ಅಷ್ಟು ಸಲ ಅವರು ಇತಿಹಾಸದ ಪುಸ್ತಕವನ್ನೂ ತೆರೆದಿರಲಾರರು. ನಿರ್ದೇಶಕರನ್ನು ಯಾರು ಕೇಳಿದರೂ ‘ಅದು ಪ್ರೇಕ್ಷಕರಿಗೆ ಬಿಟ್ಟದ್ದು’ ಎಂದು ನಗುತ್ತಿದ್ದರೇ ಹೊರತು ಬಾಯಿ ಬಿಡುತ್ತಿರಲಿಲ್ಲ.

ಅಂಥ ಸಿನಿಮಾದ ಎರಡನೆಯ ಭಾಗ ಮೊನ್ನೆ ಬಂತು. ಮೊದಲ ಆಟಕ್ಕೆ ಮೂರು ತಲೆಮಾರು ಒಟ್ಟಿಗೆ ಬಂದು ಕೂತಿತ್ತು. ಪರದೆ ಬೆಳಗಿತು. ನೋಡಿದರೆ ನಾಯಕ ನಾಯಕಿ ಇಬ್ಬರೂ ಒಂದು ಗಡಿಯಾರದ ಅಂಗಡಿಯಲ್ಲಿ ಕೂತಿದ್ದಾರೆ. ಇಬ್ಬರಿಗೂ ತಲೆ ನರೆತಿದೆ. ಫ್ಯಾನು ಹಾಕಬೇಕೋ ಬೇಡವೋ ಎಂದು ಗಂಡಹೆಂಡತಿ ಜಗಳವಾಡುತ್ತಿದ್ದಾರೆ. ಇಡೀ ಟಾಕೀಸು ತಬ್ಬಿಬ್ಬಾಯಿತು. ಸೇತುವೆ ದಾಟಿ ಹೋದವನು ಯಾವಾಗ ಬಂದ? ಇವಳು ಯಾವಾಗ ಮದುವೆಗೆ ಒಪ್ಪಿದಳು?

ನಮ್ಮ ಟಾಕೀಸಿನ ಯಜಮಾನಿಯದ್ದು ಹಳೆಯ ಪದ್ಧತಿ. ಹೊರಗೆ ಹೋಗುವ ಬಾಗಿಲಿನ ಕಂಬಕ್ಕೆ ಉದ್ದನೆಯ ನೋಟುಬುಕ್ಕು, ಅದಕ್ಕೊಂದು ಪೆನ್ಸಿಲು ಕಟ್ಟಿರುತ್ತಾರೆ. ನೋಡಿದವರು ಅನಿಸಿದ್ದನ್ನು ಬರೆದು ಹೋಗಬೇಕು. ಆ ಪುಟಗಳ ಫೋಟೊ ತೆಗೆದು ಟಾಕೀಸಿನ ಫೇಸ್‌ಬುಕ್ಕಿಗೆ ಹಾಕುವ ಉಪಕಾರ ನನ್ನದು. ಆ ದಿನ ಪೆನ್ಸಿಲಿನ ಮೊನೆ ನಾಲ್ಕು ಸಲ ಮುರಿಯಿತು. ಮೇಷ್ಟ್ರು ಮೂರು ಪುಟ ಬರೆದು, ನಾಲ್ಕನೆಯದರಲ್ಲಿ ಇದಕ್ಕಿಂತ ಹೆಚ್ಚು ಬರೆಯಲು ಮನಸ್ಸಿಲ್ಲ ಎಂದಿದ್ದರು. ಗೋಡೆಯ ಚಿತ್ರಕ್ಕೆ ಸುಣ್ಣ ಬಳಿಸುತ್ತೇನೆ ಎಂದು ಸೆಲೂನಿನವನು ಬರೆದಿದ್ದ. ಟೈಲರಣ್ಣ ಒಬ್ಬ ಮಾತ್ರ ಫ್ಯಾನಿನ ಜಗಳ ನಮ್ಮ ಮನೆಯದ್ದೇ, ಚೆನ್ನಾಗಿದೆ ಎಂದಿದ್ದ. ಅವನನ್ನು ಉಳಿದವರು ಎರಡು ದಿನ ಮಾತಾಡಿಸಲಿಲ್ಲ.

ಎರಡನೆಯ ದಿನ ಯಾರೋ ಹೊಸ ವಾದ ಹುಟ್ಟಿಸಿದರು. ಎರಡನೆಯ ಭಾಗದ ಶುರುವಿನಲ್ಲಿ ಅವನು ವಾಪಸ್ ಬರುವ ದೃಶ್ಯ ಇದ್ದೇ ಇದೆ, ನಮ್ಮ ಟಾಕೀಸಿನವರು ಬೇಗ ಆಟ ಮುಗಿಸಲು ಅದನ್ನು ಕತ್ತರಿಸಿದ್ದಾರೆ ಎಂದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಸಂಜೆಯ ಹೊತ್ತಿಗೆ ಕೌಂಟರಿನ ಮುಂದೆ ಐವತ್ತು ಮಂದಿ ಸೇರಿದರು. ಈಗ ರೀಲೂ ಇಲ್ಲ ಕತ್ತರಿಯೂ ಇಲ್ಲ, ಎಲ್ಲ ಕಂಪ್ಯೂಟರಿನಲ್ಲೇ ಬರುತ್ತದೆ ಎಂದು ಯಜಮಾನಿ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಆಪರೇಟರನ್ನು ಕರೆಯಿರಿ ಎಂದು ಕೂತರು.

ಅತ್ತೆ ಕೌಂಟರಿನಿಂದ ಎದ್ದು ಹೊರಗೆ ಬಂದರು.

“ಮೂವತ್ತೈದು ವರ್ಷದಲ್ಲಿ ನಮ್ಮನೆಯವರು ಒಂದು ಅಡಿ ಸಿನಿಮಾ ಮುಚ್ಚಿಟ್ಟವರಲ್ಲ. ಅವರ ಮೇಲೆ ಕಳ್ಳತನ ಹೊರಿಸೋರು ಮೊದಲು ನನ್ನ ಹತ್ತಿರ ಮಾತಾಡಿ.”

ಮುಂದೆ ನಿಂತವರು ಹಿಂದೆ ಸರಿದರು. ಅತ್ತೆಯ ಹತ್ತಿರ ವಾದಕ್ಕೆ ನಿಂತು ಗೆದ್ದವರು ಊರಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದ ಮಾವನ ಮುಖ ನಾನು ನೋಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಮಾವ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ಎತ್ತುವ ಮೊದಲೇ ಮಾವ ಬಂದು ನಿಂತಿದ್ದರು. ಕಂಕುಳಲ್ಲಿ ಟವೆಲ್ಲು ಸುತ್ತಿದ ಒಂದು ದುಂಡನೆಯ ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಒಂದು ಸುರುಳಿ ಫಿಲ್ಮು.

“ಅವನು ವಾಪಸ್ ಬಂದಿದ್ದ, ಪುಟ್ಟಿ,” ಎಂದರು.

“ಯಾರು ಮಾವ?”

“ಸೇತುವೆ ದಾಟಿದವನು. ಹದಿನಾರನೇ ರೀಲಲ್ಲಿ ವಾಪಸ್ ಬರ್ತಾನೆ. ನಾನೇ ತೋರಿಸ್ಲಿಲ್ಲ.”

ಆಗ ಯಂತ್ರಗಳು ಎರಡಿದ್ದವು. ಒಂದರಲ್ಲಿ ರೀಲು ಓಡುತ್ತಿದ್ದರೆ, ಮುಂದಿನದು ಇನ್ನೊಂದರಲ್ಲಿ ಸಿದ್ಧವಾಗಿ ಕಾಯುತ್ತಿರುತ್ತದೆ. ರೀಲು ಮುಗಿಯುವ ಮುನ್ನ ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕಿ ಮಿನುಗುತ್ತದೆ. ನೋಡುವವರು ಅದನ್ನು ಗಮನಿಸುವುದೇ ಇಲ್ಲ, ಆಪರೇಟರ್ ಮಾತ್ರ ಅದಕ್ಕಾಗಿಯೇ ಕಣ್ಣಿಟ್ಟಿರಬೇಕು. ಚುಕ್ಕಿ ಕಂಡ ತಕ್ಷಣ ಎರಡನೆಯ ಯಂತ್ರ ಚಾಲೂ ಮಾಡಬೇಕು. ಸೇತುವೆ ಸಿನಿಮಾದ ಮೊದಲ ದಿನ, ಮಧ್ಯಾಹ್ನದ ಮೊದಲ ಆಟ. ಹದಿನಾರೂ ರೀಲನ್ನು ಮಾವ ಹಿಂದಿನ ರಾತ್ರಿಯೇ ಓಡಿಸಿ ನೋಡಿದ್ದರು. ಹದಿನೈದನೆಯ ರೀಲಿನ ಚುಕ್ಕಿ ಬಂದಾಗ ಮಾವನ ಕಣ್ಣು ಪರದೆಯ ಮೇಲೆ ಇರಲಿಲ್ಲ.

ಕೌಂಟರಿನ ಹುಡುಗಿ ಕೆಲಸ ಮುಗಿಸಿ ಬಂದು ಹಿಂದಿನ ಬಾಗಿಲ ಹತ್ತಿರ ನಿಂತಿದ್ದಳು. ಪರದೆಯ ಬೆಳಕಿನಲ್ಲಿ ಅವಳ ಕೆನ್ನೆ ಒದ್ದೆಯಾಗಿದ್ದು ಕಾಣುತ್ತಿತ್ತು. ರಸ್ತೆ ಅಳೆಯಲು ಬಂದಿದ್ದ ಒಬ್ಬ ಸರ್ವೇಯರ್ ಅವಳಿಗೆ ಮಾತು ಕೊಟ್ಟು ಹೋಗಿ ಎರಡು ವರ್ಷವಾಗಿತ್ತು, ಒಂದು ಕಾಗದ ಕೂಡ ಬಂದಿರಲಿಲ್ಲ. ಅದೇ ಎರಡು ವರ್ಷ ಮಾವ ದಿನಾ ಇಪ್ಪತ್ತೆರಡು ಮೆಟ್ಟಿಲು ಇಳಿದು, ಅವಳಿಗೆ ಏನೋ ಹೇಳಬೇಕೆಂದು ಹೋಗಿ, ಗಂಟೆ ಎಷ್ಟು ಎಂದು ಕೇಳಿಕೊಂಡು ವಾಪಸ್ ಹತ್ತುತ್ತಿದ್ದರು. ಅವರ ಕೈಯಲ್ಲೇ ಗಡಿಯಾರ ಇತ್ತು.

ಚುಕ್ಕಿ ಬಂತು, ಹೋಯಿತು. ಪರದೆ ಬೆಳ್ಳಗಾಯಿತು. ಆಟ ಮುಗಿಯಿತೆಂದುಕೊಂಡು ಗೇಟಿನವನು ದೀಪ ಹಾಕಿ ಬಾಗಿಲು ತೆರೆದುಬಿಟ್ಟ.

ಯಜಮಾನಿಯ ಮುಂದೆ ತಪ್ಪೊಪ್ಪಿಕೊಳ್ಳಲು ಮಾವ ಓಡಿ ಇಳಿದರು. ನೋಟುಬುಕ್ಕಿನ ಸುತ್ತ ಜನ ಮುತ್ತಿದ್ದರು, ಇಂಥ ಮುಕ್ತಾಯ ನೋಡೇ ಇಲ್ಲ ಎನ್ನುತ್ತಿದ್ದರು. ಜನ ಕರಗಿದ ಮೇಲೆ ಮಾವ ಪುಟ ನೋಡಿದರು. ಕೊನೆಯಲ್ಲಿ ಕೌಂಟರಿನ ಹುಡುಗಿಯ ಓರೆ ಅಕ್ಷರ: ‘ಹೋದವನು ತಿರುಗಿ ನೋಡಲಿಲ್ಲ. ಹಾಗೇ ಇರಲಿ. ಇನ್ನು ಮೇಲೆ ನಾನೂ ಕಾಯುವುದಿಲ್ಲ.’ ಅದನ್ನು ಓದಿ, ಯಜಮಾನಿಯ ಹತ್ತಿರ ಹೋಗದೆ ಮಾವ ಮೆಟ್ಟಿಲು ಹತ್ತಿದರು. ಸಂಜೆಯ ಆಟದಲ್ಲಿ ಚುಕ್ಕಿ ಸ್ಪಷ್ಟವಾಗಿ ಕಂಡಿತು. ಅವರು ಯಂತ್ರ ಮುಟ್ಟಲಿಲ್ಲ.

“ಮಧ್ಯಾಹ್ನದ್ದು ತಪ್ಪು. ಸಂಜೆದು ಕಳ್ಳತನ,” ಎಂದರು ಮಾವ.

ಐದು ತಿಂಗಳಿಗೆ ಅವರಿಬ್ಬರ ಮದುವೆಯಾಯಿತು. ಸಿನಿಮಾದ ಪ್ರತಿಯನ್ನು ಕಂಪನಿಗೆ ವಾಪಸ್ ಕಳಿಸುವಾಗ ಮಾವ ಹದಿನೈದೇ ರೀಲು ಕಟ್ಟಿದರು, ಹದಿನಾರನೆಯದು ಮನೆಯ ಟ್ರಂಕಿನಡಿ ಸೇರಿತು. ಸೋತ ಸಿನಿಮಾದ ಕಂಪನಿಯವರು ಎಣಿಸಿ ನೋಡುವ ಸ್ಥಿತಿಯಲ್ಲಿರಲಿಲ್ಲ. ನಿರ್ದೇಶಕರಿಗೆ ಗೊತ್ತಾಗದೇ ಇರುತ್ತದೆಯೇ? ಆದರೆ ಹೊಗಳಿಕೆ ಯಾರಿಗೆ ಬೇಡ. ಇಷ್ಟು ವರ್ಷ ಸುಮ್ಮನಿದ್ದು, ಈಗ ತನ್ನ ಹದಿನಾರನೆಯ ರೀಲಿನಿಂದಲೇ ಕತೆ ಮುಂದುವರಿಸಿ ಸೇಡು ತೀರಿಸಿಕೊಂಡಿದ್ದರು.

ಟ್ರಂಕಿನಡಿಗೇ ಇಟ್ಟು ಸುಮ್ಮನಿದ್ದುಬಿಡಿ ಎಂದೆ. ಮಾವ ಒಪ್ಪಲಿಲ್ಲ.

“ಅವಳು ಊರ ಮುಂದೆ ನನ್ನ ಪರ ನಿಂತ್ಲು. ಪಾಪ, ಅವಳ ಬಾಯಲ್ಲಿ ಸುಳ್ಳು ಹೇಳಿಸಿದ ಹಾಗಾಯ್ತು. ಆದ್ರೆ ಈ ರೀಲಿನ ಹನ್ನೊಂದು ನಿಮಿಷ ಅವತ್ತೇ ತೋರಿಸಿದ್ದಿದ್ರೆ ಅವಳು ಆ ಸರ್ವೇಯರಿಗೆ ಕಾಯ್ತಿದ್ಲು ಪುಟ್ಟಿ. ನನ್ನ ಮದುವೆ ಆಗ್ತಿರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಇದೇ ಭಯ ನನಗೆ.”

ನುಂಗಲಾರದ ಉಗುಳಲಾರದ ಬಿಸಿತುಪ್ಪ ಎಂದರೆ ಏನೆಂದು ನನಗೆ ಗೊತ್ತಾದದ್ದು ಅವರ ಮುಖ ನೋಡಿದಾಗ. ನಗಬೇಕೆಂದಿದ್ದವಳು ಡಬ್ಬಿಯ ಮುಚ್ಚಳ ಹಾಕಿ ಅವರ ಕೈಗೆ ಕೊಟ್ಟೆ.

ಭಾನುವಾರ ಬೆಳಿಗ್ಗೆಯ ಆಟ. ಗಲಾಟೆ ಮಾಡಿದವರೆಲ್ಲ ಬಂದಿದ್ದರು, ಬೈಯುವುದಕ್ಕೂ ಟಿಕೆಟ್ ಬೇಕಲ್ಲ. ಮಾವ ಪರದೆಯ ಮುಂದೆ ಹೋಗಿ ನಿಂತರು. ನಾಲ್ಕು ಜನರೆದುರು ಅವರು ಮಾತಾಡಿದ್ದು ನಾನು ಕಂಡಂತೆ ಅದೇ ಮೊದಲು. ನೀವು ಕೇಳುತ್ತಿರುವ ಭಾಗ ನನ್ನ ಹತ್ತಿರ ಇದೆ, ಹಳೆಯ ಸಿನಿಮಾದ ಕೊನೆಯ ರೀಲು ನಾನೇ ಮುಚ್ಚಿಟ್ಟಿದ್ದೆ, ತಪ್ಪು ನನ್ನದು ಎಂದಷ್ಟೇ ಹೇಳಿದರು. ಏಕೆ ಎಂದು ಹೇಳಲಿಲ್ಲ. ಮೇಷ್ಟ್ರು ಎದ್ದು ನಿಂತವರು ಕೂರುವುದನ್ನೇ ಮರೆತರು.

ಮಾವನ ಹಿಂದೆಯೇ ನಾನೂ ಯಂತ್ರದ ಕೋಣೆಗೆ ಹತ್ತಿದೆ. ಹಳೆಯ ಯಂತ್ರಗಳಲ್ಲಿ ಒಂದು ಅಲ್ಲಿನ ಮೂಲೆಯಲ್ಲಿ ಇನ್ನೂ ಇದೆ. ಪ್ರತಿ ಶುಕ್ರವಾರ ಮಾವ ಅದಕ್ಕೆ ಎಣ್ಣೆ ಹಾಕಿ ಒರೆಸುತ್ತಾರೆ, ಯಾಕೆ ಎಂದು ನಾನು ಎಷ್ಟೋ ಸಲ ಗೇಲಿ ಮಾಡಿದ್ದೆ. ಮಾವ ಅದಕ್ಕೆ ಫಿಲ್ಮು ಏರಿಸಿದರು. ಯಂತ್ರ ಗರಗರ ಎಂದಿತು. ಪರದೆ ಕಾಣುವ ಕಿಂಡಿಯತ್ತ ಅವರು ಸುಳಿಯಲಿಲ್ಲ.

“ನೀನೇ ನೋಡಿ ಹೇಳು. ನನಗಾಗಲ್ಲ.”

ನಾನು ಕಿಂಡಿಗೆ ಕಣ್ಣಿಟ್ಟೆ. ಅತ್ತೆ ಹಿಂದಿನ ಬಾಗಿಲ ಹತ್ತಿರ ನಿಂತಿದ್ದರು, ಅದೇ ಜಾಗ. ಪರದೆಯ ಬಣ್ಣವೆಲ್ಲ ಕೆಂಪಗಾಗಿತ್ತು. ಎರಡು ವರ್ಷ ಕಳೆದು ಪೆಟ್ಟಿಗೆ ಹಿಡಿದುಕೊಂಡು ನಾಯಕ ಬಂದು ಬಾಗಿಲು ತಟ್ಟುತ್ತಾನೆ. ಮೂರು ನೆಪ ಹೇಳುತ್ತಾನೆ, ಮೂರೂ ಹುಸಿ. ನಾಯಕಿ ಒಂದು ಮಾತೂ ಕೇಳದೆ ಅವನ ಕೈಯ ಪೆಟ್ಟಿಗೆ ಇಸಿದುಕೊಂಡು ಒಳಗೆ ಹೋಗುತ್ತಾಳೆ. ಆಮೇಲೆ ಇಬ್ಬರೂ ಹೂದೋಟದಲ್ಲಿ ಕುಣಿಯುತ್ತಾರೆ. ಅಷ್ಟು ವರ್ಷ ಬಿಳಿ ಪರದೆಯ ಅರ್ಥ ಹುಡುಕಿದ ಜನರಲ್ಲಿ ಮೊದಲು ಒಬ್ಬ ಕಿಸಕ್ಕೆಂದ, ಆಮೇಲೆ ಟಾಕೀಸಿಗೆ ಟಾಕೀಸೇ ನಗತೊಡಗಿತು.

“ಅವಳು?” ಎಂದರು ಮಾವ.

“ಜಾಗದಲ್ಲಿಲ್ಲ,” ಎಂದೆ.

ಮೆಟ್ಟಿಲಿನ ಮೇಲೆ ಏದುಸಿರು ಕೇಳಿತು. ಮಂಡಿನೋವು ಶುರುವಾದ ಮೇಲೆ ಅತ್ತೆ ಆ ಮೆಟ್ಟಿಲು ಹತ್ತಿಯೇ ಇರಲಿಲ್ಲ. ಬಂದವರು ಬಾಗಿಲ ಚೌಕಟ್ಟು ಹಿಡಿದು ನಿಂತು ಸುಧಾರಿಸಿಕೊಂಡರು. ಮಾವ ನೆಲ ನೋಡುತ್ತ, ಅವತ್ತು ಇದನ್ನು ತೋರಿಸಿದ್ದರೆ ನೀನು ಕಾಯುತ್ತಿದ್ದೆ ಎಂದು ಹೇಗೋ ಹೇಳಿ ಮುಗಿಸಿದರು.

“ಏನ್ರೀ, ಬಚ್ಚಿಡೋಕೆ ನಿಮ್ಮ ಹತ್ತಿರ ಮಾತ್ರ ಇತ್ತು ಅಂದ್ಕೊಂಡ್ರಾ?” ಎಂದರು ಅತ್ತೆ. “ಅವನು ಬಂದಿದ್ದ. ಸರ್ವೇಯರು. ಸೇತುವೆ ಸಿನಿಮಾ ಶುರುವಾಗಿ ನಲವತ್ತನೇ ದಿನ. ನನ್ನ ಕೌಂಟರಿನ ಮುಂದೆ ನಿಂತ, ಮುಖ ನೋಡಿದ. ಬಾಲ್ಕನಿ ಮೇಲಿದೆ ಅಂತ ಹೇಳಿ ಒಂದು ಟಿಕೆಟ್ ಕೊಟ್ಟೆ.”

ಮಾವ ತಲೆಯೆತ್ತಿದರು.

“ಸಿನಿಮಾ ಮುಗಿಸಿಕೊಂಡು ಹೊರಗೆ ಬಂದ. ಏನೋ ಹೇಳ್ಬೇಕು ಅಂತ ಸ್ವಲ್ಪ ಹೊತ್ತು ನಿಂತ. ಆಮೇಲೆ ಸುಮ್ಮನೆ ಹೊರಟುಹೋದ. ಆ ಬಿಳಿ ಪರದೆ ನೋಡಿದ ಮೇಲೆ ಯಾವ ಮುಖ ಇಟ್ಕೊಂಡು ಬರ್ತಾನೆ? ನೀವೇನಾದ್ರೂ ಈ ದರಿದ್ರ ರೀಲು ಹಾಕಿದ್ದಿದ್ರೆ ಧೈರ್ಯ ಬಂದು ನನ್ನ ತಲೆ ತಿಂತಿದ್ದ. ಅವನಿಗೆ ಬೇಡ ಅಂತ ಬಿಡಿಸಿ ಹೇಳೋ ಕೆಲಸ ತಪ್ಪಿಸಿದ್ರಿ.”

ಮಾವ ಸ್ಟೂಲಿನ ಮೇಲೆ ಕುಸಿದು ಕೂತರು. ಫಿಲ್ಮಿನ ತುದಿ ರೀಲಿನಿಂದ ಬಿಟ್ಟುಕೊಂಡು ಚಟಚಟ ಹೊಡೆದುಕೊಳ್ಳುತ್ತಿತ್ತು. ಯಂತ್ರ ನಿಲ್ಲಿಸುವುದು ಅವರಿಗೆ ಹೊಳೆಯಲಿಲ್ಲ, ನಾನೇ ನಿಲ್ಲಿಸಿದೆ. ಗಂಡಹೆಂಡತಿ ಒಬ್ಬರನ್ನೊಬ್ಬರು ನೋಡುತ್ತಲೇ ಇದ್ದರು. ಅಲ್ಲಿ ನನ್ನ ಕೆಲಸವೇನಿಲ್ಲ ಎಂದು, ಜೀವನದಲ್ಲಿ ಒಮ್ಮೆ, ಕೆಳಗೆ ಇಳಿದು ಬಂದೆ.

ಎರಡನೆಯ ಭಾಗಕ್ಕೆ ಮುಂಚೆ ಆ ರೀಲು ಇನ್ನೂ ಎರಡು ವಾರ ಓಡಿತು. ಅಕ್ಕಪಕ್ಕದ ಊರಿನವರೂ ಬಂದರು. ಎರಡನೆಯದು ಅಷ್ಟೇನೂ ಕೆಟ್ಟದಾಗಿಲ್ಲ ಎಂದು ಮೇಷ್ಟ್ರು ಅರ್ಧ ಪುಟ ಬರೆದರು. ಸೆಲೂನಿನ ಗೋಡೆ ಸುಣ್ಣದಿಂದ ಪಾರಾಯಿತು. ಭಾನುವಾರದ ಪುಟದ ಕೆಳಗೆ ಒಂದು ಓರೆ ಅಕ್ಷರದ ಸಾಲು ಇತ್ತು: ‘ಹದಿನೈದಕ್ಕೇ ನಿಲ್ಲಿಸಿದ್ದು ಸರಿ. ಟಿಕೆಟ್ ಕೌಂಟರ್.’ ಅದರ ಫೋಟೊ ಫೇಸ್‌ಬುಕ್ಕಿಗೆ ಹಾಕಲಿಲ್ಲ. ಒಂದು ಜೆರಾಕ್ಸ್ ತೆಗೆದು ಮಾವನಿಗೆ ಕೊಟ್ಟೆ. ರೀಲನ್ನು ಅವರು ಯಜಮಾನಿಗೆ ಒಪ್ಪಿಸಿದ್ದಾರೆ. ಟ್ರಂಕಿನಡಿಯ ಡಬ್ಬಿಯಲ್ಲಿ ಈಗ ಆ ಹಾಳೆ ಇದೆ.