ಬಾಗಿಲು ಕೀಳದ ಬೀರು ಮಾವ

ಮನೆ ಸಾಮಾನು ಸಾಗಿಸುವ ಕಸುಬಿನಲ್ಲಿ ಬೀರು ಮಾವನನ್ನು ಮೀರಿಸಿದ ವೀರ ಹುಟ್ಟಿಲ್ಲ. ಹುಟ್ಟಿದ್ದರೂ ಸೊಂಟ ಹಿಡಿದುಕೊಂಡು ಎಲ್ಲೋ ಮಲಗಿರಬೇಕು. ಇಕ್ಕಟ್ಟಾದ ಮೆಟ್ಟಿಲು, ಅದಕ್ಕಿಂತ ಇಕ್ಕಟ್ಟಾದ ಬಾಗಿಲು, ಅದರಾಚೆ ಆನೆಯಂಥ ಕಬ್ಬಿಣದ ಬೀರು: ಇಂಥ ರಣರಂಗದಲ್ಲಿ ಅವರು ಸೋತದ್ದೇ ಇಲ್ಲ. ಉಳಿದವರು ಬಾಗಿಲನ್ನೇ ಕಿತ್ತು ದಾರಿ ಮಾಡಿಕೊಳ್ಳುತ್ತಿದ್ದರು. "ಬಾಗಿಲು ಕೀಳೋನು ಕಳ್ಳ. ನಾವು ಕಸುಬುದಾರರು" ಎಂದು ಮಾವ ಮೀಸೆ ತಿರುವುತ್ತಿದ್ದರು.

ಅಂಥವರಿಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಕೈ ನಡುಗಿದ್ದಕ್ಕೆ ಮಾವ ತಲೆ ಕೆಡಿಸಿಕೊಳ್ಳಲಿಲ್ಲ. ಚಹಾ ತಾನಾಗಿಯೇ ಕಲಕಿಕೊಳ್ಳುತ್ತದೆ, ಚಮಚ ಉಳೀತು ಎಂದರು. ಆದರೆ ಬಾಗಿಲ ಬಳಿ ಬಂದೊಡನೆ ಕಾಲು ನೆಲಕ್ಕೆ ಅಂಟಿಕೊಳ್ಳತೊಡಗಿತು. ಬೀದಿಯಲ್ಲಿ ಸಲೀಸಾಗಿ ನಡೆಯುವ ಮನುಷ್ಯ ಬಚ್ಚಲುಮನೆಯ ಹೊಸ್ತಿಲಲ್ಲಿ ಗರ ಬಡಿದಂತೆ ನಿಂತುಬಿಡುವರು. ಅವರ ಹೆಂಡತಿ, ಬೀದಿಗೆಲ್ಲ ಅತ್ತೆ, ಹಿಂದಿನಿಂದ ತಳ್ಳಿ ಒಮ್ಮೆ ಇಬ್ಬರೂ ಬಿದ್ದದ್ದಾಯಿತು.

"ಶನಿವಾರ ಬಡಗಿ ಬರ್ತಾನೆ" ಎಂದರು ಅತ್ತೆ. "ಬಾಗಿಲು ಕಿತ್ತು ಪರದೆ ಹಾಕಿಸ್ತೀನಿ. ಜಾಗ ಅಗಲ ಆಗುತ್ತೆ, ನಿಮ್ಮ ಕೈ ಹಿಡ್ಕೊಂಡು ನಾನೂ ಒಳಗೆ ಬರ್ತೀನಿ."

"ನನ್ನ ಮನೆ ಬಾಗಿಲು ಕೀಳೋದಾ? ಬಚ್ಚಲಿಗೆ ಪರದೆ ಹಾಕೋಕೆ ನಾನೇನು ನಾಟಕದ ರಾಜನಾ?"

"ರಾಜರು ಬಿದ್ರೆ ಎತ್ತೋಕೆ ನನ್ನ ಹತ್ರ ಸೈನ್ಯ ಇಲ್ಲ ಕಣ್ರೀ. ಡಾಕ್ಟರು ಹೇಳಿದ ಕುಣಿತದ ಕ್ಲಾಸಿಗಂತೂ ಹೋಗಲ್ಲ ಅಂತೀರಿ!"

ಬಾಗಿಲಿನ ಮಾನ ಉಳಿಸಲು ಮಾವ ಮರುದಿನವೇ ಕ್ಲಾಸಿಗೆ ಹೋದರು. ಅದೇ ಕಾಯಿಲೆಯವರು ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೈ ಬೀಸುತ್ತಿದ್ದರು. ಮಗಳ ವಯಸ್ಸಿನ ಟೀಚರು ಹಾಡು ಹಾಕಿ ಮಾವನನ್ನು ನಿಲ್ಲಿಸಿದಳು.

"ಅಂಕಲ್, ಕಾಲನ್ನ ಬಯ್ಯಬೇಡಿ. ಭಾರ ಎಡಕ್ಕೆ ಬಿಡಿ. ಈಗ ಬಲಕ್ಕೆ. ಹಾಗೇ ತೂಗಿ. ಯಾವ ಕಾಲು ಹಗುರ ಆಯ್ತೋ ಅದನ್ನ ಮಾತ್ರ ಮುಂದಿಡಿ."

ಮಾವ ತೂಗಿದರು. ಮುಖ ಅರಳಿತು. "ಅಯ್ಯೋ ತಾಯಿ, ಇದು ಬೀರು ನಡೆಸೋ ವಿದ್ಯೆ!" ಭಾರದ ಬೀರುವನ್ನು ಯಾರೂ ಎತ್ತುವುದಿಲ್ಲ, ಒಂದು ಮೂಲೆಗೆ ವಾಲಿಸಿ, ಹಗುರಾದ ಇನ್ನೊಂದು ಮೂಲೆಯನ್ನು ಮುಂದಕ್ಕೆ ತಿರುಗಿಸುತ್ತಾರೆ.

"ಹಾಗಾದ್ರೆ ನೀವೇ ಬೀರು ಅಂದ್ಕೊಳ್ಳಿ."

"ಬೀರು ಆಗ್ತೀನಮ್ಮಾ. ಕೀಲಿಕೈ ಮಾತ್ರ ನಮ್ಮನೆಯವಳ ಹತ್ರ ಇದೆ."

ಅಂದಿನಿಂದ ಮಾವ ನಡುಮನೆಯಲ್ಲಿ ಹಾಡು ಗುನುಗುತ್ತ ತೂಗಿದ್ದೇ ತೂಗಿದ್ದು. ಶನಿವಾರ ಬಡಗಿ ಚೀಲ ಇಳಿಸಿದ. "ತಡಿಯಪ್ಪಾ, ಒಂದು ಬೀರು ಒಳಗೆ ಹೋಗೋದಿದೆ" ಎಂದು ಮಾವ ದಂಡಯಾತ್ರೆ ಹೊರಟರು. ಬಚ್ಚಲ ಹೊಸ್ತಿಲಿಗೆ ಬಂದರು. ಕಾಲು ಅಂಟಿತು. ಹಾಡೂ ನಿಂತಿತು. ಬಡಗಿ ಮೆಲ್ಲಗೆ ಸ್ಕ್ರೂಡ್ರೈವರ್ ತೆಗೆದ.

ಅತ್ತೆ ಕೈ ಚಾಚಿದವರು ಈ ಸಲ ತಳ್ಳಲಿಲ್ಲ. ಬೆನ್ನ ಹಿಂದೆ ನಿಂತು, ತಾವೂ ತೂಗುತ್ತ, ಕೂಲಿಯಾಳಿನಂತೆ ಕೂಗಿದರು: "ಎಡಕ್ಕೆ ವಾಲಿಸೂ! ಬಲಕ್ಕೆ ವಾಲಿಸೂ! ಗೋಡೆ ಜೋಪಾನ!"

ಮಾವ ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಒಂದು ಕಾಲು ಬಿಟ್ಟುಕೊಂಡಿತು. ಇನ್ನೊಂದು ಅದರ ಹಿಂದೆಯೇ ನಡೆಯಿತು. ಒಳಗೆ ಹೋದ ಮಹಾರಾಜರು ಬಾಗಿಲು ಮುಚ್ಚಿಕೊಂಡರು.

"ಚಿಲಕ ಹಾಕಬೇಡಿ ರೀ!" ಎಂದು ಅತ್ತೆ ಕಿರುಚಿದರು.

ಉತ್ತರವಾಗಿ ನೀರು ಸುರಿಯುವ ಸದ್ದು, ಜೊತೆಗೆ ತಾಳ ತಪ್ಪಿದ ಹಾಡು.

"ಅಮ್ಮಾ, ಬಾಗಿಲು?" ಎಂದ ಬಡಗಿ.

"ಇರ್ಲಿ ಬಿಡಪ್ಪಾ. ಒಳಗೆ ಗೋಡೆಗೆ ಗಟ್ಟಿಯಾದ ಹಿಡಿ ಹಾಕ್ಕೊಡು. ಇವರು ಅಲ್ಲೂ ಕುಣೀತಿದ್ದಾರೆ."